ಎಚ್-ಇಂಡೆಕ್ಸ್ 21 ಸರಿ, ಅವರು ಕಂಡುಹಿಡಿದದ್ದೇನು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ನಮ್ಮ ಭಾಗದ ಒಬ್ಬ ಪ್ರಾಧ್ಯಾಪಕರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ ಫೋಟೊ. ಕೆಳಗೆ ಎರಡೇ ಸಾಲು. ಅವರ ಎಚ್-ಇಂಡೆಕ್ಸ್ 21 ಆಗಿದೆ, ಸೈಟೇಶನ್‌ಗಳು 2,000 ದಾಟಿವೆ, ಅದಕ್ಕೆ ಗೌರವ ಅಂತ. ಸಂತೋಷದ ಸುದ್ದಿಯೇ. ಅವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಆ ಎರಡು ಸಾಲು ನನ್ನನ್ನು ಒಂದು ವಾರ ಸುಮ್ನೆ ಕೂರೋಕೆ ಬಿಡಲಿಲ್ಲ.

ಅದೇ ದಿನ ಬೆಳಗ್ಗೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಗಿರಣಿಯವರು ಹಿಟ್ಟು ಮೆತ್ತಿದ ಕೈಯಲ್ಲೇ ಪೇಪರ್ ಮಡಚಿ ನನ್ನ ಮುಂದೆ ಹಿಡಿದರು. "ಅಕ್ಕಾರ, ನೀವು ಲೈಬ್ರರಿಯಾಗ ಇದ್ದವರು. ಈ ಎಚ್ ಅಂದ್ರ ಏನ್ರಿ? ನಂಗ ಶುಗರ್ ಟೆಸ್ಟಿನಾಗ ಎಚ್‌ಬಿ ಅಂತೇನೋ ಬರೀತಾರಲ್ಲ, ಅಂಥಾದ್ದೇನು?"

ನಗು ಬಂತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಪತ್ರಿಕೆ ಓದುವ ನೂರು ಜನರಲ್ಲಿ ತೊಂಬತ್ತೈದು ಜನಕ್ಕೆ ಅದು ಗೊತ್ತಿರಲ್ಲ. ಅವರ ಉದ್ರಿ ವಹಿಯನ್ನೇ ತೆಗೆಸಿ ವಿವರಿಸಿದೆ. ನಿಮ್ಮ ಗಿರಾಕಿಗಳ ಹೆಸರು ಸಾಲಾಗಿ ಬರೆಯಿರಿ. ಈ ತಿಂಗಳು ಯಾರು ಎಷ್ಟು ಸಲ ಬಂದರು ಅಂತ ಮುಂದೆ ಹಾಕಿ. ಜಾಸ್ತಿ ಬಂದವರು ಮೇಲೆ, ಕಡಿಮೆ ಬಂದವರು ಕೆಳಗೆ. ಐದು ಸಲವಾದರೂ ಬಂದವರು ಐದು ಮಂದಿ ಇದ್ದಾರೆ, ಆದರೆ ಆರು ಸಲವಾದರೂ ಬಂದವರು ಆರು ಮಂದಿ ಸಿಗುವುದಿಲ್ಲ. ಹಾಗಿದ್ದರೆ ನಿಮ್ಮ ಎಚ್ ಐದು. ಈಗ ಗಿರಾಕಿಯ ಜಾಗದಲ್ಲಿ ಪೇಪರ್ ಇಡಿ. ಪೇಪರ್ ಅಂದರೆ ಸಂಶೋಧನಾ ಲೇಖನ. ಬಂದ ಸಲದ ಜಾಗದಲ್ಲಿ, ಆ ಲೇಖನವನ್ನು ಬೇರೆ ಎಷ್ಟು ಲೇಖನಗಳು ಹೆಸರಿಸಿವೆ ಅನ್ನೋದನ್ನು ಇಡಿ. ಹಾಗೆ ಹೆಸರಿಸೋದೇ ಉಲ್ಲೇಖ, ಅಂದರೆ ಸೈಟೇಶನ್. ಈ ಪ್ರಾಧ್ಯಾಪಕರ 21 ಲೇಖನಗಳಿಗೆ ತಲಾ 21 ಉಲ್ಲೇಖಗಳಾದರೂ ಸಿಕ್ಕಿವೆ. ಅಷ್ಟೇ ಇದರ ಅರ್ಥ.

ಅವರು ಸ್ವಲ್ಪ ಹೊತ್ತು ವಹಿ ನೋಡಿದರು. "ಹಂಗಾದ್ರ ಆ ಖಾನಾವಳಿ ಬಾಯಾರು ದಿನಾ ಬರ್ತಾರ, ತಿಂಗಳಿಗೆ ಮೂವತ್ತು ಸಲ. ಅವರೊಬ್ಬರೇ ಗಿರಾಕಿ ಅಂತ ಹಿಡೀರಿ. ಆಗ ನನ್ನ ಎಚ್ ಎಷ್ಟ್ರಿ?"

"ಒಂದು."

"ಅದ್ಯಾವ ಲೆಕ್ಕರಿ! ಅವರಿಂದನ ನನ್ನ ಕರೆಂಟ್ ಬಿಲ್ಲು ಮುಗೀತದ."

ಎಚ್-ಇಂಡೆಕ್ಸ್ ಬಗ್ಗೆ ದೊಡ್ಡ ದೊಡ್ಡವರು ಎತ್ತಿದ ಮೊದಲ ತಕರಾರು ಇದೇ. ಭೌತವಿಜ್ಞಾನಿ ಪೀಟರ್ ಹಿಗ್ಸ್ 1964ರಲ್ಲಿ ಬರೆದದ್ದು ಪುಟ್ಟ ಲೇಖನ. ಆಮೇಲೆ ಅವರು ಬರೆದದ್ದು ಹತ್ತು ಲೇಖನಕ್ಕಿಂತ ಕಡಿಮೆ. ಆ ಪುಟ್ಟ ಲೇಖನದ ಕೆಲಸಕ್ಕೇ 2013ರಲ್ಲಿ ನೊಬೆಲ್ ಬಂತು. ಈಗಿನ ಕಾಲದಲ್ಲಾಗಿದ್ದರೆ ನನಗೆ ವಿಶ್ವವಿದ್ಯಾಲಯದಲ್ಲಿ ಕೆಲಸವೇ ಸಿಗುತ್ತಿರಲಿಲ್ಲ ಅಂತ ಅವರೇ ಹೇಳಿದ್ದರು.

ಗಿರಣಿಯವರ ಎರಡನೇ ಪ್ರಶ್ನೆ ಇನ್ನೂ ಖಾರವಾಗಿತ್ತು. "ಹಿಟ್ಟು ದಪ್ಪ ಆತು ಅಂತ ಜಗಳಾ ತಗ್ಯಾಕ ಬಂದವರನ್ನೂ ಎಣಸ್ತಾರೇನ್ರಿ?"

ಎಣಿಸುತ್ತಾರೆ. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಒಂದು ಲೇಖನ ಬಂತು. ಮಕ್ಕಳಿಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಅನ್ನುವ ಅನುಮಾನ ಹುಟ್ಟಿಸಿದ ಲೇಖನ. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂಪಡೆಯಿತು. ಆದರೂ ಆ ಲೇಖನಕ್ಕೆ ಸಾವಿರಾರು ಉಲ್ಲೇಖಗಳಿವೆ. ಬಹುತೇಕ ಅದು ತಪ್ಪು ಅಂತ ಹೇಳಲಿಕ್ಕೇ ಬರೆದವು. ಲೆಕ್ಕ ಹಾಕುವ ಯಂತ್ರಕ್ಕೆ ಹೊಗಳಿಕೆ ಬೈಗುಳ ಎರಡೂ ಒಂದೇ.

ಇನ್ನು ನಾನ್ಯಾರು ಅಂತ ಹೇಳಬೇಕಲ್ಲ. ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ 31 ವರ್ಷ ಗ್ರಂಥಪಾಲಕಿಯಾಗಿದ್ದೆ. ಈಗ ನಿವೃತ್ತಿ. ನಾನು ಸೇರಿದಾಗ ಕಾರ್ಡ್ ಕ್ಯಾಟಲಾಗ್ ಇತ್ತು, ಬಿಡುವಾಗ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಜರ್ನಲ್‌ಗಳಿಗೆ, ಅಂದರೆ ಸಂಶೋಧನಾ ಪತ್ರಿಕೆಗಳಿಗೆ ಅಂತ ವರ್ಷಕ್ಕೆ ಒಂದಿಷ್ಟು ದುಡ್ಡು ಗೊತ್ತು ಮಾಡುತ್ತಿದ್ದರು. ಅದು ಯಾವತ್ತೂ ಸಾಲುತ್ತಿರಲಿಲ್ಲ. ರಸಾಯನಶಾಸ್ತ್ರದವರಿಗೆ ಒಂದು ಬೇಕು, ಸಸ್ಯಶಾಸ್ತ್ರದವರಿಗೆ ಇನ್ನೊಂದು. ಯಾವುದನ್ನು ನಿಲ್ಲಿಸಬೇಕು? ನನ್ನ ಕಡೆ ಒಂದು ಗುಟ್ಟಿನ ಉಪಾಯ ಇತ್ತು. ಕಪಾಟಿನ ಮೇಲೆ ಬೆರಳು ಎಳೆಯೋದು. ಯಾವ ಜರ್ನಲ್ ಮುಂದೆ ಧೂಳು ಗಟ್ಟಿಯಾಗಿ ಕೂತಿದೆಯೋ ಅದನ್ನು ಯಾರೂ ಮುಟ್ಟಿಲ್ಲ. ಬಿಜಾಪುರದ ಧೂಳು ಸುಳ್ಳು ಹೇಳಲ್ಲ.

ಸೈಟೇಶನ್ ಎಣಿಸುವ ಕೆಲಸ ಶುರುವಾದದ್ದೇ ಇಂಥ ಪೇಚಾಟದಿಂದ ಅಂತ ಎಷ್ಟು ಜನ ಪ್ರಾಧ್ಯಾಪಕರಿಗೆ ಗೊತ್ತಿದೆಯೋ ಕಾಣೆ. 1927ರಲ್ಲಿ ಅಮೆರಿಕದ ಪೊಮೋನಾ ಎಂಬ ಸಣ್ಣ ಕಾಲೇಜಿನಲ್ಲಿ ಪಿ.ಎಲ್.ಕೆ. ಗ್ರಾಸ್ ಮತ್ತು ಇ.ಎಂ. ಗ್ರಾಸ್ ಎಂಬ ಇಬ್ಬರಿಗೆ ನನ್ನದೇ ಸಮಸ್ಯೆ. ಇರೋ ದುಡ್ಡಲ್ಲಿ ರಸಾಯನಶಾಸ್ತ್ರದ ಯಾವ ಜರ್ನಲ್ ತರಿಸೋದು? ಅವರು ಬೆರಳಿಂದ ಧೂಳು ಒರೆಸಲಿಲ್ಲ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್ಲಿನ ಹಿಂದಿನ ವರ್ಷದ ಸಂಚಿಕೆಗಳನ್ನು ತೆಗೆದುಕೊಂಡು, ಅದರಲ್ಲಿ ಬೇರೆ ಯಾವ ಯಾವ ಜರ್ನಲ್‌ಗಳ ಹೆಸರು ಬಂದಿದೆ ಅಂತ ಕೂತು ಎಣಿಸಿದರು. 3,633 ಉಲ್ಲೇಖ. ಜಾಸ್ತಿ ಸಲ ಹೆಸರು ಬಂದ ಜರ್ನಲ್ ತರಿಸಿದರಾಯಿತು. ಎಷ್ಟು ಜಾಣತನ ಅಲ್ವಾ? ಓದಿದಾಗ ನನಗೆ ದೂರದ ಸಂಬಂಧಿಕರು ಸಿಕ್ಕಂತಾಗಿತ್ತು.

ನಮ್ಮ ಎಸ್.ಆರ್. ರಂಗನಾಥನ್ ಅವರೂ 1948ರಲ್ಲಿ ಇಂಗ್ಲೆಂಡಿನ ಒಂದು ಸಮ್ಮೇಳನದಲ್ಲಿ ಗ್ರಂಥಾಲಯದ ಕೆಲಸಕ್ಕೆ ಲೆಕ್ಕಾಚಾರ ಬೇಕು ಅಂತ ಹೇಳಿ, ಅದಕ್ಕೆ ಲೈಬ್ರಮೆಟ್ರಿ ಅಂತ ಹೆಸರಿಟ್ಟರು. ಆಮೇಲೆ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಬಂದರು. 1955ರಲ್ಲಿ ಸೈಟೇಶನ್ ಸೂಚಿಯ, ಅಂದರೆ ಯಾವ ಲೇಖನವನ್ನು ಯಾರು ಹೆಸರಿಸಿದ್ದಾರೆ ಅಂತ ತೋರಿಸುವ ಪಟ್ಟಿಯ ಕಲ್ಪನೆ ಮುಂದಿಟ್ಟರು, 1964ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಇಂಪ್ಯಾಕ್ಟ್ ಫ್ಯಾಕ್ಟರ್ ಹುಟ್ಟಿದ್ದು ಅವರ ಕೈಯಲ್ಲೇ. ಒಂದು ಜರ್ನಲ್ ಕಳೆದ ಎರಡು ವರ್ಷ ಸೇರಿ 100 ಲೇಖನ ಹಾಕಿದೆ, ಈ ವರ್ಷ ಅವುಗಳಿಗೆ 250 ಉಲ್ಲೇಖ ಬಂದಿವೆ ಅಂದರೆ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ 2.5. ಗಮನಿಸಿ, ಇದು ಜರ್ನಲ್ಲಿನ ಅಂಕಿ. ಅದರೊಳಗಿನ ಒಂದೊಂದು ಲೇಖನದ್ದಲ್ಲ. ಐರಾವತ ಬಸ್ಸಲ್ಲಿ ಕೂತವರೆಲ್ಲ ಸಾಹುಕಾರರೇನು? ಆದರೂ ಪ್ರಮೋಷನ್ ಫೈಲಿನಲ್ಲಿ ಆ ಅಂಕಿಯನ್ನೇ ಲೇಖನದ ಮುಂದೆ ಬರೆಯುತ್ತಾರೆ.

ಜರ್ನಲ್ ಕೊಳ್ಳಲು ಮಾಡಿದ ತಕ್ಕಡಿ ಹೀಗೆ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಇಂಡೆಕ್ಸ್ ತಂದರು. ಭೌತವಿಜ್ಞಾನಿಗಳಿಗೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆ ಕಾಯಂ ಆಗಲು ಸುಮಾರು 12, ಪೂರ್ಣ ಪ್ರೊಫೆಸರ್ ಆಗಲು ಸುಮಾರು 18 ಅಂತ ಅಂದಾಜು ಕೊಟ್ಟರು. ಅದು ಅಮೆರಿಕದ ಭೌತವಿಜ್ಞಾನಕ್ಕೆ. ಗಣಿತದಲ್ಲಿ ಉಲ್ಲೇಖಗಳು ನಿಧಾನ, ಕಡಿಮೆ. ವೈದ್ಯಕೀಯದಲ್ಲಿ ಬೇಗ, ಜಾಸ್ತಿ. ಇಂಡಿ ತಾಲ್ಲೂಕಿನ ಲಿಂಬೆಯನ್ನೂ ಕಬ್ಬನ್ನೂ ಒಂದೇ ತೂಕದಲ್ಲಿ ತೂಗಿ ಯಾವ ಬೆಳೆ ಬಂಪರ್ ಅಂತ ಯಾರಾದರೂ ಕೇಳುತ್ತಾರಾ? ನಮ್ಮ ಸಮಿತಿಗಳು ಕೇಳುತ್ತವೆ.

ಇನ್ನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಪ್ರಾಣಿಶಾಸ್ತ್ರದ ಒಬ್ಬ ಸರ್ ಇದ್ದರು. ಪ್ರಮೋಷನ್ ಅರ್ಜಿ ಹಾಕುವ ವರ್ಷ. ಮಧ್ಯಾಹ್ನ ಊಟದ ಹೊತ್ತಿಗೆ ಬಂದು, "ಮೇಡಂ, ನಂದು ಎಚ್ ಎಷ್ಟದ ನೋಡ್ರಿ" ಅಂದರು. ಉಲ್ಲೇಖ ಎಣಿಸಿ ತೋರಿಸುವ ಗೂಗಲ್ ಸ್ಕಾಲರ್ ತೆಗೆದೆ. 14 ಲೇಖನ. ಉಲ್ಲೇಖಗಳು ಮೇಲಿಂದ ಕೆಳಗೆ ಹೀಗಿದ್ದವು: 41, 18, 9, 6, 5, 3, 2, 1. ಉಳಿದ ಆರಕ್ಕೆ ಸೊನ್ನೆ. ಎಚ್ ಐದು. ಅವರಿಗೆ ಆರು ಬೇಕಿತ್ತು. ಒಂದು ಹಳೇ ಸ್ಲಿಪ್ಪಿನ ಹಿಂದೆ ಲೆಕ್ಕ ಹಾಕಿದೆವು. ಐದನೇ ಲೇಖನಕ್ಕೆ ಇನ್ನೊಂದು, ಆರನೆಯದಕ್ಕೆ ಇನ್ನು ಮೂರು. ಒಟ್ಟು ನಾಲ್ಕೇ ನಾಲ್ಕು ಉಲ್ಲೇಖ ಸಾಕು. ಅವರು ಆ ಸ್ಲಿಪ್ ಮಡಚಿ ಜೇಬಿನಲ್ಲಿ ಇಟ್ಟುಕೊಂಡರು. ಆಗಲೇ ನನಗೆ ಏನೋ ಅನಿಸಿತ್ತು.

ಎಂಟು ತಿಂಗಳಾದ ಮೇಲೆ ಮತ್ತೆ ಬಂದರು. ಎಚ್ ಆರು ಆಗಿತ್ತು. ಮೂರು ಹೊಸ ಲೇಖನ ಬಂದಿದ್ದವು, ಅವರದೇ. ಮೂರರ ಕೊನೆಯಲ್ಲೂ ಆ ಆರನೇ ಲೇಖನದ ಹೆಸರಿತ್ತು. ಒಂದರಲ್ಲಿ ಐದನೆಯದೂ ಇತ್ತು. ನಾನು ಏನೂ ಕೇಳಲಿಲ್ಲ. ಅವರೇ ಹೇಳಿದರು: "ಏನ್ ಮಾಡೋದ್ರಿ ಮೇಡಂ, ಎಲ್ಲಾರೂ ಮಾಡ್ತಾರ."

ಅವರು ಕೆಟ್ಟವರಲ್ಲ. ತನ್ನ ಹಳೇ ಕೆಲಸ ಮುಂದುವರಿಸುವವರು ತನ್ನದನ್ನೇ ಹೆಸರಿಸೋದು ಸಹಜವೂ ಹೌದು. ನನಗೆ ನೋವಾದದ್ದು ಬೇರೆಯದಕ್ಕೆ. ಅವರ ಪಟ್ಟಿಯಲ್ಲಿ 2 ಅಂತ ಇತ್ತಲ್ಲ, ಆ ಏಳನೇ ಲೇಖನ, ಅದು ನಮ್ಮ ಜಿಲ್ಲೆಯ ಕೆರೆಗಳ ಮೀನುಗಳ ಬಗ್ಗೆ. ಮೂರು ಮಳೆಗಾಲ ಮೊಣಕಾಲುದ್ದ ನೀರಲ್ಲಿ ನಿಂತು ಮಾಡಿದ ಕೆಲಸ. ಪ್ಯಾಂಟಿನ ಕೆಸರು ಒಣಗುವ ಮೊದಲೇ ಲೈಬ್ರರಿಗೆ ಬಂದು ಹಳೇ ಗೆಜೆಟಿಯರ್ ಕೇಳುತ್ತಿದ್ದರು. ಅದರ ಬಗ್ಗೆ ಅವರಿಗೇ ಈಗ ಮಾತಿಲ್ಲ. ಎಚ್‌ಗೆ ಅದರಿಂದ ಲಾಭ ಇಲ್ಲವಲ್ಲ.

ಉಲ್ಲೇಖ ಎಣಿಸುವ ಜಾಲತಾಣ ಇನ್ನೂ ಇವೆ. ಅದೇ ಸರ್‌ಗೆ ಸ್ಕೋಪಸ್‌ನಲ್ಲಿ ನೋಡಿದರೆ ಎಚ್ ಮೂರು. ವೆಬ್ ಆಫ್ ಸೈನ್ಸ್‌ನಲ್ಲಿ ಒಂದು. ಮೂರೂ ಸರಿಯೇ. ಗೂಗಲ್ ಸ್ಕಾಲರ್ ಪ್ರಬಂಧ, ಸಮ್ಮೇಳನದ ಲೇಖನ, ಅಂತರ್ಜಾಲದಲ್ಲಿ ಸಿಕ್ಕ ಪಿಡಿಎಫ್, ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಉಳಿದೆರಡು ತಾವು ಆಯ್ದ ಪತ್ರಿಕೆಗಳನ್ನು ಮಾತ್ರ ಎಣಿಸುತ್ತವೆ. ಸ್ಕೋಪಸ್‌ನಲ್ಲಿ ಸ್ವಂತ ಉಲ್ಲೇಖ ಬಿಟ್ಟು ನೋಡುವ ಅನುಕೂಲವೂ ಇದೆ. ಬಾಚಿಕೊಳ್ಳುವ ಯಂತ್ರವನ್ನು ಎಷ್ಟು ಸುಲಭವಾಗಿ ಮೋಸ ಮಾಡಬಹುದು ಅಂತ ತೋರಿಸಲು ಫ್ರಾನ್ಸಿನ ಸಿರಿಲ್ ಲಬ್ಬೆ 2010ರಲ್ಲಿ ಇಲ್ಲದ ಒಬ್ಬ ವಿಜ್ಞಾನಿಯನ್ನು ಸೃಷ್ಟಿಸಿದರು. ಐಕ್ ಆಂಟ್ಕೇರ್ ಅಂತ ಹೆಸರು. ಅವನ ಎಚ್-ಇಂಡೆಕ್ಸ್ 94ಕ್ಕೆ ಏರಿತು! ಹಾಗಾಗಿ 21 ಅಂದರೆ ಯಾವ ತಕ್ಕಡಿಯ 21? ನಿಮ್ಮ ಸುದ್ದಿಯಲ್ಲಿ ಅದು ಇರಲಿಲ್ಲ.

ಹೆಸರಿನ ಗೋಳು ಇನ್ನೊಂದು. ನಮ್ಮ ಕಡೆ ಕಲ್ಲು ಎಸೆದರೆ ಪಾಟೀಲರ ಮನೆಗೆ ಬೀಳುತ್ತದೆ. ಒಂದೇ ಇನಿಷಿಯಲ್ ಇರುವ ಪಾಟೀಲರು ಹತ್ತಾರು. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಒಬ್ಬ ಪಾಟೀಲರ ಪಟ್ಟಿಯಲ್ಲಿ ಒಂದು ದಿನ ದವಡೆ ಹಲ್ಲಿನ ಬಗ್ಗೆ ನಾಲ್ಕು ಲೇಖನ ಬಂದು ಕೂತಿದ್ದವು. ಬೇರೆ ಯಾರೋ ದಂತವೈದ್ಯ ಪಾಟೀಲರದ್ದು. ನಾನು ತೆಗೆಯಿರಿ ಅಂದೆ. ಅವರು ನಗುತ್ತಾ, "ಇರಲಿ ಬಿಡ್ರಿ, ಬಂದ ಲಕ್ಷ್ಮೀನ ಯಾಕ ಕಳಸಬೇಕು" ಅಂದರು. ಕೊನೆಗೆ ತೆಗೆಸಿದೆ. ಹೆಣ್ಣುಮಕ್ಕಳದ್ದು ಉಲ್ಟಾ. ಮದುವೆಗೆ ಮೊದಲು ತವರಿನ ಅಡ್ಡಹೆಸರಲ್ಲಿ ಮೂರು ಲೇಖನ, ಮದುವೆಯಾದ ಮೇಲೆ ಗಂಡನ ಅಡ್ಡಹೆಸರಲ್ಲಿ ಐದು. ಯಂತ್ರದ ಪ್ರಕಾರ ಇಬ್ಬರು ಬೇರೆ ಬೇರೆ ಹೆಂಗಸರು. ಊರಿಗೂ ಇದೇ ಕಥೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು, ಬೆಳಗಾಂ ಬೆಳಗಾವಿ ಆಯಿತು. ಹುಡುಕುವಾಗ ಎರಡೂ ಹೆಸರು ಹಾಕದಿದ್ದರೆ ಅರ್ಧ ಊರು ಸಿಗಲ್ಲ. 2012ರಿಂದ ಓರ್ಕಿಡ್ ಅಂತ 16 ಅಂಕಿಯ ಗುರುತಿನ ಸಂಖ್ಯೆ ಪುಕ್ಕಟೆ ಸಿಗುತ್ತದೆ. ಒಮ್ಮೆ ಮಾಡಿಸಿದರೆ ಹೆಸರು ಬದಲಾದರೂ ಲೇಖನಗಳು ಒಂದೇ ಕಡೆ ಇರುತ್ತವೆ. ಹತ್ತು ನಿಮಿಷದ ಕೆಲಸ. ನಾನು ಎಲ್ಲರಿಗೂ ಬೆನ್ನು ಹತ್ತಿ ಮಾಡಿಸಿದೆ, ಬೈಸಿಕೊಂಡೂ ಮಾಡಿಸಿದೆ.

ಜೊತೆಗೂಡಿ ಬರೆಯೋದರ ಬಗ್ಗೆ ಹೇಳದಿದ್ದರೆ ಮಾತು ಅರ್ಧ ಆಗುತ್ತದೆ. ಆ ಪೀಟರ್ ಹಿಗ್ಸ್ ಹೆಸರಿನ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಒಂದು ಲೇಖನಕ್ಕೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರು, ಸಂಸ್ಥೆ. ಆ ಕಣ ಹುಡುಕುವಂಥ ದೊಡ್ಡ ಯಂತ್ರ ನಡೆಸಲು ಅಷ್ಟು ಜನ ಬೇಕೇ ಬೇಕು. ತಮಾಷೆಯದೂ ಇದೆ. 1975ರಲ್ಲಿ ಅಮೆರಿಕದ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಲೇಖನ ಬರೆದು, ಉದ್ದಕ್ಕೂ "ನಾವು" ಅಂತ ಟೈಪ್ ಮಾಡಿಬಿಟ್ಟಿದ್ದರು. ಒಬ್ಬರೇ ಲೇಖಕರಾದರೆ "ನಾವು" ನಡೆಯಲ್ಲ ಅಂತ ಗೊತ್ತಾಯಿತು. ಮತ್ತೆ ಟೈಪ್ ಮಾಡುವ ಬೇಸರಕ್ಕೆ ತಮ್ಮ ಸಿಯಾಮಿ ಬೆಕ್ಕನ್ನು ಎಫ್.ಡಿ.ಸಿ. ವಿಲ್ಲರ್ಡ್ ಅಂತ ಎರಡನೇ ಲೇಖಕ ಮಾಡಿದರು. ಅಚ್ಚಾಯಿತು.

ನಮ್ಮ ಕಡೆ ಈಗ ಬೆಕ್ಕಿನ ಬದಲು ದುಡ್ಡು. ನಿವೃತ್ತಿಯ ಮುಂಚಿನ ಎರಡು ವರ್ಷ ನಮ್ಮ ಉಪನ್ಯಾಸಕರ ಮೊಬೈಲಿಗೆ ವಾಟ್ಸ್‌ಆ್ಯಪ್ ಸಂದೇಶ ಬರುತ್ತಲೇ ಇದ್ದವು. ಲೇಖನ ತಯಾರಿದೆ, ಮೊದಲ ಲೇಖಕರಿಗೆ ಇಷ್ಟು, ಎರಡನೆಯವರಿಗೆ ಇಷ್ಟು, ನಾಲ್ಕನೆಯವರಿಗೆ ರಿಯಾಯಿತಿ. ಥೇಟ್ ಬಸ್ಸಿನ ಸೀಟ್ ಹಂಚಿದ ಹಾಗೆ. ಯಾರು ಕಳಿಸುತ್ತಿದ್ದರೋ ಗೊತ್ತಿಲ್ಲ. ವಿಷಯ ಏನು ಅಂತ ಒಬ್ಬರು ಕೇಳಿದರಂತೆ. "ನಿಮ್ಮ ವಿಷಯ ಯಾವುದಿದ್ದರೂ ಆಗುತ್ತೆ ಸರ್" ಅಂತ ಉತ್ತರ ಬಂತಂತೆ.

ಇದೆಲ್ಲ ಓದಿ ನಾನು ಲೆಕ್ಕಕ್ಕೇ ವಿರೋಧಿ ಅಂದುಕೊಳ್ಳಬೇಡಿ. ನನಗೆ ಲೆಕ್ಕ ಅಂದರೆ ಪ್ರೀತಿ. ನಿವೃತ್ತಿಗೆ ಒಂದು ವರ್ಷ ಇರುವಾಗ ಒಂದು ತರಬೇತಿಯಲ್ಲಿ ವಾಸ್‌ವ್ಯೂವರ್ ಅನ್ನುವ ತಂತ್ರಾಂಶ ಕಲಿತೆ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ. ಸ್ಕೋಪಸ್ ಇರುವ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿದ್ದೆ, ನಮ್ಮ ಕಾಲೇಜಿನ ಎಲ್ಲ ಲೇಖನಗಳ ವಿವರ ಇಳಿಸಿಕೊಂಡು ಬಂದೆ. ತಂತ್ರಾಂಶಕ್ಕೆ ಹಾಕಿದರೆ ನಕ್ಷೆ ಬಂತು. ಒಬ್ಬೊಬ್ಬರೂ ಒಂದೊಂದು ಚುಕ್ಕೆ. ಜೊತೆಗೆ ಬರೆದವರ ನಡುವೆ ಗೆರೆ. ಜಾಸ್ತಿ ಬರೆದವರ ಚುಕ್ಕೆ ದೊಡ್ಡದು.

ರಸಾಯನಶಾಸ್ತ್ರದವರದ್ದು ಒಂದು ದೊಡ್ಡ ಗುಂಪು, ನಡುವೆ ಕುಂಬಳಕಾಯಿಯಂಥ ಒಂದು ಚುಕ್ಕೆ. ಸಸ್ಯಶಾಸ್ತ್ರದವರದ್ದು ಇನ್ನೊಂದು ಮೂಲೆಯಲ್ಲಿ. ವಾಣಿಜ್ಯದವರು ಬೇರೆ. ಈ ಮೂರರ ನಡುವೆ ಒಂದು ಸಣ್ಣ ಚುಕ್ಕೆ, ಕಡಲೆಕಾಳಿನಷ್ಟು. ಮೂರೂ ಕಡೆಗೆ ಅದರಿಂದ ಗೆರೆ. ಯಾರು ಅಂತ ನೋಡಿದರೆ ನಮ್ಮ ಸ್ಟಾಟಿಸ್ಟಿಕ್ಸ್ ಸರ್! ಎಲ್ಲರೂ ಅಂಕಿ ಅಂಶ ಹಿಡಿದು ಅವರ ಕಡೆ ಓಡುತ್ತಿದ್ದರು. ಅವರು ಮೊದಲ ಲೇಖಕರಾದ ಲೇಖನ ಒಂದೂ ಇಲ್ಲ. ಎಚ್ ಮೂರು. ಆದರೆ ಆ ಚುಕ್ಕೆ ತೆಗೆದು ನೋಡಿದೆ. ನಕ್ಷೆ ಮೂರು ತುಂಡಾಯಿತು.

ಖಾನಾಪುರ ತಾಲ್ಲೂಕಿನ ಲೋಂಡಾ ನೋಡಿದ್ದೀರಲ್ಲ? ಊರು ಎಷ್ಟಿದೆ? ಆದರೆ ಬೆಳಗಾವಿ ಮೀರಜ್ ಕಡೆಯ ರೈಲು, ಧಾರವಾಡ ಹುಬ್ಬಳ್ಳಿ ಕಡೆಯ ರೈಲು, ಗೋವಾ ಕಡೆಯ ರೈಲು, ಮೂರೂ ಅಲ್ಲಿ ಕೂಡುತ್ತವೆ. ನೆಟ್‌ವರ್ಕ್ ಲೆಕ್ಕದವರು ಇದಕ್ಕೂ ಒಂದು ಅಳತೆ ಮಾಡಿದ್ದಾರೆ. 1977ರಲ್ಲಿ ಲಿಂಟನ್ ಫ್ರೀಮನ್ ಎಂಬ ಸಮಾಜಶಾಸ್ತ್ರಜ್ಞರು ಬರೆದದ್ದು. ಇಬ್ಬರ ನಡುವಿನ ಹತ್ತಿರದ ದಾರಿ ಎಷ್ಟು ಸಲ ನಿಮ್ಮ ಮೂಲಕ ಹೋಗುತ್ತದೆ ಅಂತ ಎಣಿಸೋದು. ಆ ಲೆಕ್ಕದಲ್ಲಿ ನಮ್ಮ ಸ್ಟಾಟಿಸ್ಟಿಕ್ಸ್ ಸರ್ ಕಾಲೇಜಿಗೇ ಮೊದಲು. ಪ್ರಿಂಟ್ ತೆಗೆದು ಅವರಿಗೆ ಕೊಟ್ಟೆ. "ಇದನ್ನ ಫೈಲಿಗೆ ಹಚ್ಚಿದ್ರ ಏನಾದರೂ ಪಾಯಿಂಟ್ ಬರ್ತದೇನ್ರಿ?" ಅಂತ ಕೇಳಿದರು. ಬರಲ್ಲ ಅಂದೆ. ಮಡಚಿ ಪುಸ್ತಕದಲ್ಲಿ ಇಟ್ಟುಕೊಂಡರು.

ಆದರೆ ಆ ನಕ್ಷೆಯಲ್ಲಿ ಬರದವರೂ ಇದ್ದಾರೆ. ಸಸ್ಯಶಾಸ್ತ್ರದವರು ಲಿಂಬೆ ಗಿಡ ಒಣಗುವ ರೋಗದ ಬಗ್ಗೆ ಬರೆದರಲ್ಲ, ಅದಕ್ಕೆ ಎರಡು ವರ್ಷ ತನ್ನ ತೋಟ ಬಿಟ್ಟುಕೊಟ್ಟು, ಯಾವ ಸಾಲಿನ ಗಿಡ ಮೊದಲು ಬಾಡಿತು ಅಂತ ನೆನಪಿನಿಂದ ಹೇಳಿದ ಇಂಡಿಯ ರೈತ ಇಲ್ಲ. ಲ್ಯಾಬ್ ಅಟೆಂಡರ್ ಇಲ್ಲ. ಮತ್ತು ನಮ್ಮ ಕನ್ನಡ ವಿಭಾಗ ಪೂರ್ತಿ ಇಲ್ಲ. ಒಂದು ಚುಕ್ಕೆಯೂ ಇಲ್ಲ.

ಕನ್ನಡದ ಒಬ್ಬ ಮೇಡಂ ಇಪ್ಪತ್ತು ವರ್ಷ ಹಂತಿ ಹಾಡು ಕೂಡಿಸಿದರು. ಕಣದಲ್ಲಿ ಎತ್ತು ತಿರುಗಿಸುತ್ತಾ ರಾಶಿ ಮಾಡುವಾಗ ಹಾಡುತ್ತಿದ್ದ ಹಾಡು. ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆ ಹಳ್ಳಿ ಹಳ್ಳಿ ತಿರುಗಿದರು. ಈಗ ರಾಶಿ ಮಾಡುವುದು ಯಂತ್ರ. ಹಾಡಿದವರಲ್ಲಿ ಬಹಳ ಜನ ತೀರಿಕೊಂಡಿದ್ದಾರೆ. ಅವರ ಕಡೆ ಇರುವ ಕ್ಯಾಸೆಟ್‌ಗಳನ್ನು ನಾನೇ ಲೈಬ್ರರಿಯ ಬೀರುವಿನಲ್ಲಿ ನಂಬರ್ ಹಾಕಿ ಇಟ್ಟಿದ್ದೆ. ಪುಸ್ತಕ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಎಷ್ಟೋ ಪಿಎಚ್‌ಡಿ ಪ್ರಬಂಧಗಳ ಅಡಿಟಿಪ್ಪಣಿಯಲ್ಲಿ ಅದರ ಹೆಸರಿದೆ, ನಾನೇ ನೋಡಿದ್ದೇನೆ. ಸ್ಕೋಪಸ್‌ಗೆ ಒಂದು ಜರ್ನಲ್ ಸೇರಬೇಕಾದರೆ ಇಂಗ್ಲಿಷಿನಲ್ಲಿ ಸಾರಾಂಶ ಇರಬೇಕು, ಆಕರಗಳ ಪಟ್ಟಿ ರೋಮನ್ ಲಿಪಿಯಲ್ಲಿರಬೇಕು. ಹಂತಿ ಹಾಡು ಹೋಗಿ ಎಲ್ಲಿ ಸೇರಬೇಕು? ಫಾರಂನಲ್ಲಿ ಎಚ್-ಇಂಡೆಕ್ಸ್ ಅಂತ ಇದ್ದ ಕಡೆ ಅವರು ಒಂದು ಗೆರೆ ಎಳೆದು ಕೊಟ್ಟರು. 2015ರಲ್ಲಿ ಇದೇ ಲೆಕ್ಕದ ಪರಿಣತರು ಸೇರಿ ನೇಚರ್ ಪತ್ರಿಕೆಯಲ್ಲಿ ಹತ್ತು ಸೂತ್ರ ಪ್ರಕಟಿಸಿದ್ದಾರೆ. ಲೈಡನ್ ಪ್ರಣಾಳಿಕೆ ಅಂತ ಅದರ ಹೆಸರು. ಆಯಾ ನಾಡಿಗೆ ಬೇಕಾದ ಸಂಶೋಧನೆಯನ್ನು ಕಾಪಾಡಿ ಅನ್ನೋದು ಅದರಲ್ಲಿ ಒಂದು.

ನಮ್ಮೂರಿನ ಫ.ಗು. ಹಳಕಟ್ಟಿಯವರನ್ನು ನೆನೆಯದೆ ಹೇಗೆ ಇರಲಿ? ವಕೀಲರು. ಮನೆ ಮನೆಗೆ, ಮಠ ಮಠಕ್ಕೆ ಹೋಗಿ ತಾಡೋಲೆ ಕೂಡಿಸಿದರು. 1923ರಲ್ಲಿ ವಚನಗಳ ಮೊದಲ ಸಂಪುಟ ತಂದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಮನೆ ಮಾರಿ ಮುದ್ರಣಾಲಯ ಹಾಕಿದರು ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಇವತ್ತು ಮದುವೆ ಕರೆಯೋಲೆಯಲ್ಲೂ ವಚನ ಇರುತ್ತದೆ. ಯಾರು ಅದನ್ನು ಹುಳ ತಿನ್ನುವುದರಿಂದ ಉಳಿಸಿದರು ಅಂತ ಯಾರೂ ಕೆಳಗೆ ಬರೆಯುವುದಿಲ್ಲ. ಅಟ್ಟದಿಂದ ತಾಡೋಲೆ ಕಟ್ಟು ಇಳಿಸಿ ಅವರ ಕೈಗೆ ಕೊಟ್ಟ ಮನೆಗಳೆಷ್ಟೋ. ಅವರೂ ಜೊತೆಗಾರರೇ ಅಲ್ವಾ? ಒಮ್ಮೆ ಕುತೂಹಲಕ್ಕೆ ಗೂಗಲ್ ಸ್ಕಾಲರ್‌ನಲ್ಲಿ ಹಳಕಟ್ಟಿಯವರ ಹೆಸರು ಹಾಕಿ, ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದು ನೋಡಿದೆ. ಏನು ಬಂತು ಅಂತ ಬರೆಯಲು ನಾಚಿಕೆಯಾಗುತ್ತದೆ.

ಸಮಿತಿಗಳಲ್ಲಿ ಕೂರುವವರು ನನಗೆ ಹೇಳುತ್ತಿದ್ದ ಸಬೂಬು ಒಂದೇ. "ಎಲ್ಲಾ ಪೇಪರ್ ಓದಾಕ ಎಲ್ಲಿ ಆಗ್ತದ್ರಿ, ಅವು ನಮಗ ಸಿಗೂದೂ ಇಲ್ಲ." ಆಗ ಅದು ನಿಜವೂ ಆಗಿತ್ತು. ಒಂದು ಲೇಖನ ತೆರೆಯಲು ಎರಡು ಮೂರು ಸಾವಿರ ರೂಪಾಯಿ ಕೇಳುತ್ತಿದ್ದರು. ಓದಲು ಸಿಗದಿದ್ದಾಗ ಅಂಕಿ ನೋಡಿದರು, ಬಿಡಿ. ಆದರೆ 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ ಒಂದು ದೇಶ ಒಂದು ಚಂದಾ ಯೋಜನೆ ಶುರುವಾಗಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್. ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಬಾಗಿಲು ತೆರೆದಿದೆ. ಅದೇ ವರ್ಷ ಫೆಬ್ರವರಿಯಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಒಳ್ಳೆಯ ಜರ್ನಲ್‌ಗಳು ಅಂತ ತಾನು ಮಾಡಿದ್ದ ಕೇರ್ ಪಟ್ಟಿಯನ್ನೂ ನಿಲ್ಲಿಸಿತು. ಯಾವ ಜರ್ನಲ್ ಒಳ್ಳೆಯದು ಅಂತ ಇನ್ನು ಸಂಸ್ಥೆಗಳೇ ನೋಡಿ ತೀರ್ಮಾನಿಸಬೇಕು. ಅಂದರೆ ಓದಲೇಬೇಕು. ಅಭ್ಯರ್ಥಿಯ ಹದಿನಾಲ್ಕೂ ಬೇಡ. ನಿಮ್ಮ ಕೆಲಸದಲ್ಲಿ ನಿಮಗೇ ಮೆಚ್ಚಿಗೆಯಾದ ಎರಡು ಕೊಡಿ ಅಂತ ಕೇಳಿ, ಆ ಎರಡನ್ನು ಓದಿಕೊಂಡು ಬಂದರೆ ಸಾಕು. ಪ್ರಾಣಿಶಾಸ್ತ್ರದ ಸರ್ ಆಗ ಕೆರೆ ಮೀನಿನ ಲೇಖನ ಕೊಡುತ್ತಿದ್ದರು, ಖಂಡಿತ.

ನಿಮಗೂ ಒಂದು ಕೋರಿಕೆ. ಇಂಥ ಸುದ್ದಿ ಹಾಕುವಾಗ ಎಚ್ ಎಷ್ಟು ಅಂತ ಹಾಕಿ, ಬೇಡ ಅನ್ನಲ್ಲ. ಯಾವ ತಕ್ಕಡಿಯದು ಅಂತಲೂ ಹಾಕಿ. ಜೊತೆಗೆ ಅವರು ಮಾಡಿದ ಕೆಲಸ ಏನು ಅಂತ ಮೂರು ಸಾಲು, ಗಿರಣಿಯಲ್ಲಿ ಓದಿದರೂ ತಿಳಿಯುವಂಥ ಕನ್ನಡದಲ್ಲಿ.

ಗಿರಣಿ ಅಂದೆನಲ್ಲ. ಅವತ್ತು ನನ್ನ ಲೆಕ್ಕವೆಲ್ಲ ಕೇಳಿ, ಹಿಟ್ಟಿನ ಡಬ್ಬಿ ನನ್ನ ಕೈಗೆ ಕೊಡುತ್ತಾ ಅವರು ಕೊನೆಗೆ ಕೇಳಿದ್ದು ಒಂದೇ ಮಾತು. "ಅದೆಲ್ಲಾ ತಿಳೀತ್ರಿ ಅಕ್ಕಾರ. ಅವರು ಕಂಡುಹಿಡದದ್ದೇನು?" ನಾನು ಕನ್ನಡಕ ಹಾಕಿಕೊಂಡು ಆ ಎರಡು ಸಾಲನ್ನು ಮತ್ತೊಮ್ಮೆ ಓದಿದೆ. ಇರಲಿಲ್ಲ. ನಿಮ್ಮ ವರದಿಗಾರರು ಆ ಪ್ರಾಧ್ಯಾಪಕರ ಮನೆಗೆ ಇನ್ನೊಮ್ಮೆ ಹೋಗಿ ಕೇಳಿಕೊಂಡು ಬಂದು ಬರೆದರೆ ಉಪಕಾರವಾಗುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ ಗಿರಣಿಗೆ ಹೋಗುತ್ತೇನೆ. ಅವರು ಕೇಳದೆ ಬಿಡುವವರಲ್ಲ.

ಇಂತಿ,
ಒಬ್ಬ ನಿವೃತ್ತ ಗ್ರಂಥಪಾಲಕಿ,
ವಿಜಯಪುರ